ಚಕ್ರದಿಂದ ಶುರು ಮಾಡಿ: ಮನೆಯಲ್ಲೇ ಕಾರು ತೊಳೆದು ಬಣ್ಣ ಉಳಿಸಿಕೊಳ್ಳುವ ಪೂರ್ತಿ ಕ್ರಮ

ಇವತ್ತು ಸಂಜೆ ಒಂದು ಕೆಲಸ ಮಾಡಿ. ಬೇಸ್‌ಮೆಂಟಿನಲ್ಲಿ ನಿಂತಿರುವ ನಿಮ್ಮ ಕಾರಿನ ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ಕಪ್ಪು ಅಥವಾ ಕಡುನೀಲಿ ಕಾರಾದರೆ ಟಾರ್ಚೂ ಬೇಡ, ಬಿಸಿಲಿನಲ್ಲೇ ಎದ್ದು ಕಾಣುತ್ತವೆ. ಇವು ರಸ್ತೆಯಲ್ಲಿ ಬಿದ್ದ ಗೀರುಗಳಲ್ಲ. ಹೆಚ್ಚುಕಮ್ಮಿ ಎಲ್ಲವೂ ಒರೆಸುವಾಗ, ತೊಳೆಯುವಾಗ ಬಿದ್ದವು.

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತದೆ. ಹೊಳಪು ಬರುವುದೇ ಅದರಿಂದ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ನಮ್ಮ ರಸ್ತೆ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಕಟ್ಟಡ ಕಟ್ಟುವ ಜಾಗದ ಸಿಮೆಂಟ್ ಪುಡಿ ಇರುತ್ತದೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಆತುರದಲ್ಲಿ ಒಣ ಬಟ್ಟೆಯಲ್ಲೋ ಹಳೇ ಬನಿಯನ್ನಿನಲ್ಲೋ ಅದನ್ನು ಒರೆಸಿದರೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೇ ಆಯಿತು ಅಲ್ವಾ? ದಿನಾ ಒರೆಸಿದರೆ ದಿನಾ ಗೀರು.

ಹಾಗಾಗಿ ಕೆಳಗೆ ಹೇಳುವ ಎಲ್ಲ ಹಂತಗಳಲ್ಲೂ ನನ್ನ ಒತ್ತಾಯ ಒಂದೇ: ತಿಕ್ಕುವುದನ್ನು ಕಡಿಮೆ ಮಾಡಿ, ನೆನೆಸುವುದನ್ನು ಜಾಸ್ತಿ ಮಾಡಿ. ತಳ ಹತ್ತಿದ ಪಾತ್ರೆಯನ್ನು ಯಾರೂ ಒಣಗಿರುವಾಗಲೇ ಉಜ್ಜುವುದಿಲ್ಲ, ರಾತ್ರಿ ನೀರು ಹಾಕಿಟ್ಟು ಬೆಳಿಗ್ಗೆ ತೊಳೆಯುತ್ತಾರೆ. ಕಾರಿಗೂ ಅದೇ ಲೆಕ್ಕ.

ಮೊದಲು ಸಾಮಾನು, ನೀರು, ಹೊತ್ತು

ಬೇಕಾದದ್ದು ತುಂಬಾ ಇಲ್ಲ. ಮೂರು ಬಕೆಟ್, ಎರಡು ಕಾರಿನ ಬಾಡಿ ತೊಳೆಯಲು, ಒಂದು ಬರೀ ಚಕ್ರಕ್ಕೆ. ಕಾರಿಗೆ ಅಂತಲೇ ಮಾಡಿದ, ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಅಂತ ಬರೆದಿರುವ ಶ್ಯಾಂಪೂ. ಮೈಕ್ರೋಫೈಬರ್ ಮಿಟ್, ಅಂದರೆ ಕೈಗವಸಿನಂಥದ್ದು. ಒಣಗಿಸಲು ಒಂದು ದಪ್ಪ ಮೈಕ್ರೋಫೈಬರ್ ಟವೆಲ್, 600 ಜಿಎಸ್ಎಂ (ಚದರ ಮೀಟರಿಗೆ 600 ಗ್ರಾಂ ತೂಕ) ಅಥವಾ ಜಾಸ್ತಿ. ಚಕ್ರಕ್ಕೆ ಎರಡು ಮೂರು ಮೆತ್ತನೆಯ ಬ್ರಷ್, ಒಂದು ಗಟ್ಟಿ ಬ್ರಷ್ ಟೈರಿಗೆ. ಸ್ಪಂಜು ಬೇಡ. ಅದರ ಮೇಲ್ಮೈ ಚಪ್ಪಟೆ, ಮರಳಿನ ಕಣ ಒಳಗೆ ಹೋಗದೆ ಬಣ್ಣಕ್ಕೂ ಸ್ಪಂಜಿಗೂ ನಡುವೆ ಸಿಕ್ಕಿಕೊಂಡು ಉರುಳುತ್ತದೆ. ಮಿಟ್‌ನ ಎಳೆಗಳು ಕಣವನ್ನು ಒಳಗೆ ಎಳೆದುಕೊಳ್ಳುತ್ತವೆ.

ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡೂ ಬೇಡ. ಪುಡಿ ಪೂರ್ತಿ ಕರಗದೆ ಉಳಿದರೆ ಅದೇ ಗೀರುತ್ತದೆ, ಜೊತೆಗೆ ಕ್ಷಾರ ಜಾಸ್ತಿ, ರಬ್ಬರ್ ಬೀಡಿಂಗ್ ಮತ್ತು ಕಪ್ಪು ಪ್ಲಾಸ್ಟಿಕ್ ಬೇಗ ಬೂದುಬಣ್ಣಕ್ಕೆ ತಿರುಗುತ್ತವೆ. ಪಾತ್ರೆ ಲಿಕ್ವಿಡ್ ಜಿಡ್ಡನ್ನು ತೆಗೆಯಲೆಂದೇ ಮಾಡಿದ್ದು, ಬಣ್ಣದ ರಕ್ಷಣೆಗೆ ನೀವು ಹಚ್ಚಿದ ವ್ಯಾಕ್ಸನ್ನೂ (ಮೇಣ) ಸೇರಿಸಿ ತೆಗೆದುಬಿಡುತ್ತದೆ. ಸೀಮೆಎಣ್ಣೆ, ಡೀಸೆಲ್ ಒರೆಸಿ ಹೊಳಪು ಬರಿಸುವವರು ಈಗಲೂ ಇದ್ದಾರೆ. ಆ ಹೊಳಪು ಎಣ್ಣೆಯದು, ಬಣ್ಣದ್ದಲ್ಲ. ಅರ್ಧ ದಿನದಲ್ಲಿ ಅದರ ಮೇಲೆ ಧೂಳು ಮೆತ್ತಿಕೊಳ್ಳುತ್ತದೆ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬೆಂಗಳೂರಿನಲ್ಲಿ ಇದೇ ದೊಡ್ಡ ಸಮಸ್ಯೆ. ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಮೇಲೆ ಬಿಳಿ ಕಲೆಯಾಗಿ ಉಳಿಯುತ್ತವೆ. ಬಚ್ಚಲಿನ ನಲ್ಲಿ ಮೇಲೆ ಕಟ್ಟುವ ಬಿಳಿ ಪೊರೆ ಇದೆಯಲ್ಲ, ಅದೇ. ಆರ್‌ಒ ಯಂತ್ರದಿಂದ ಹೊರಬರುವ ನೀರನ್ನು ಹಿಡಿದಿಟ್ಟು ಕಾರು ತೊಳೆಯುವವರು ತುಂಬಾ ಜನ ಇದ್ದಾರೆ, ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಶುದ್ಧ ನೀರನ್ನು ಬೇರೆ ಮಾಡಿದ ಮೇಲೆ ಉಳಿದ ಲವಣವೆಲ್ಲ ಆ ನೀರಿನಲ್ಲೇ ಇರುತ್ತದೆ, ಮೂಲ ನೀರಿಗಿಂತಲೂ ಗಡಸು. ಅದನ್ನು ಟೈರಿಗೆ, ಮಡ್‌ಗಾರ್ಡ್ ಒಳಗಿನ ಕೆಸರಿಗೆ ಬಳಸಿ. ಬಾನೆಟ್, ಗಾಜಿಗೆ ಬೇಡ. ಇನ್ನು ಕಾವೇರಿ ನೀರು: 2024ರ ಮಾರ್ಚ್‌ನಲ್ಲಿ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ದಂಡದ ಮಾತು ಬಿಟ್ಟರೂ, ಕುಡಿಯುವ ನೀರನ್ನು ಕಾರಿಗೆ ಸುರಿಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಕೊನೆಯ ಸಲ ತೊಳೆಯಲು ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಮೊದಲ ಮಳೆ ಬಿಟ್ಟು ಆಮೇಲಿನದನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಅದು ಮೆದು ನೀರು, ಕಲೆ ಉಳಿಯುವುದು ತೀರಾ ಕಡಿಮೆ.

ಹೊತ್ತು ಅಂದರೆ ಬೆಳಿಗ್ಗೆ 8ರ ಒಳಗೆ ಅಥವಾ ಬಿಸಿಲು ಇಳಿದ ಮೇಲೆ, ನೆರಳಿನಲ್ಲಿ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬಿಸಿ ತಾಕಿದರೆ ಕಾಯಿರಿ. ಉಂಗುರ, ಬಳೆ, ವಾಚು ತೆಗೆದಿಡಿ, ಬೆಲ್ಟಿನ ಬಕಲ್ ಬಾಗಿಲಿಗೆ ತಾಗದ ಹಾಗೆ ನೋಡಿಕೊಳ್ಳಿ.

ಚಕ್ರ: ಮೊದಲು ಇದೇ ಯಾಕೆ

ಕಾರಿನಲ್ಲಿ ಎಲ್ಲಕ್ಕಿಂತ ಕೊಳೆ ಚಕ್ರ. ಬಾಡಿ ತೊಳೆದಾದ ಮೇಲೆ ಚಕ್ರಕ್ಕೆ ಕೈ ಹಾಕಿದರೆ ಆ ಕೊಳಕು ನೀರು ಬಾಗಿಲಿಗೆ ಸಿಡಿಯುತ್ತದೆ, ಅಷ್ಟರಲ್ಲಿ ಬಾಡಿ ಮೇಲಿನ ನೀರು ಆರಿ ಕಲೆ ಕಟ್ಟುತ್ತದೆ. ಅದಕ್ಕೇ ಚಕ್ರ ಮೊದಲು.

ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರದ ಮೇಲೆ ಕೂರುವ ಕಂದು-ಕಪ್ಪು ಪುಡಿ ಬರೀ ಧೂಳಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಡ್ ಮತ್ತು ಡಿಸ್ಕ್ ಸವೆಯುತ್ತವೆ, ಕಾದ ಕಬ್ಬಿಣದ ಸೂಕ್ಷ್ಮ ಕಣಗಳು ಹಾರಿ ಅಲಾಯ್‌ಗೆ ಅಂಟುತ್ತವೆ. ತೇವ ಸೇರಿದರೆ ಅಲ್ಲೇ ತುಕ್ಕು ಹಿಡಿದು ಚಕ್ರದ ಕ್ಲಿಯರ್ ಕೋಟಿನ ಒಳಗೆ ಇಳಿಯುತ್ತವೆ. ಬೆಳ್ಳಿ ಬಣ್ಣದ ಅಲಾಯ್ ಮೇಲೆ ಎಷ್ಟು ತೊಳೆದರೂ ಹೋಗದ ಕಿತ್ತಳೆ ಚುಕ್ಕಿಗಳು ಇವೇ. ಬ್ರೇಕಿನ ಭಾರ ಹೆಚ್ಚು ಬೀಳುವುದು ಮುಂದಿನ ಚಕ್ರಗಳ ಮೇಲೆ, ನಮ್ಮ ಸಣ್ಣ ಕಾರುಗಳಲ್ಲಿ ಹಿಂದೆ ಡ್ರಮ್ ಬ್ರೇಕೇ ಜಾಸ್ತಿ. ಹಾಗಾಗಿ ಮುಂದಿನವು ಬೇಗ ಕಪ್ಪಾಗುತ್ತವೆ.

ಶುರು ಮಾಡುವ ಮೊದಲು ನಿಮ್ಮ ಚಕ್ರ ಯಾವ ಥರದ್ದು ಅಂತ ನೋಡಿಕೊಳ್ಳಿ. ಸ್ಟೀಲ್ ರಿಮ್ ಮೇಲೆ ಪ್ಲಾಸ್ಟಿಕ್ ವೀಲ್ ಕ್ಯಾಪ್ ಇದ್ದರೆ ಕ್ಯಾಪ್ ಬಿಚ್ಚಿ ಶ್ಯಾಂಪೂ ನೀರಿನಲ್ಲಿ ತೊಳೆದರೆ ಸಾಕು, ರಿಮ್ಮನ್ನೂ ಹಾಗೇ. ಬಣ್ಣ ಬಳಿದ ಅಲಾಯ್ ತಕ್ಕಮಟ್ಟಿಗೆ ಗಟ್ಟಿ. ಡೈಮಂಡ್ ಕಟ್ ಅಲಾಯ್, ಈಗಿನ ಟಾಪ್ ಮಾಡೆಲ್‌ಗಳಲ್ಲಿ ಬರುವ ಎರಡು ಬಣ್ಣದ್ದು, ಅದರ ಬಗ್ಗೆ ಎಚ್ಚರ ಬೇಕು. ಕಡೆದು ಹೊಳಪಿಸಿದ ಅಲ್ಯೂಮಿನಿಯಂ ಮೇಲೆ ಬರೀ ಒಂದು ಪಾರದರ್ಶಕ ಪದರ ಇರುತ್ತದೆ. ಎಲ್ಲೋ ಕಲ್ಲು ಬಡಿದು ಅಥವಾ ಫುಟ್‌ಪಾತಿಗೆ ಉಜ್ಜಿ ಆ ಪದರ ಒಡೆದರೆ ನೀರು ಒಳಗೆ ಹೋಗಿ ಬಿಳಿ ಹುಳುವಿನ ಹಾಗೆ ತುಕ್ಕು ಹರಿಯುತ್ತದೆ. ಅದನ್ನು ತೊಳೆದು ಸರಿ ಮಾಡಲು ಆಗುವುದಿಲ್ಲ.

ಆಸಿಡ್ ಇರುವ ವೀಲ್ ಕ್ಲೀನರ್ ಯಾವ ಅಲಾಯ್‌ಗೂ ಬೇಡ. ನನ್ನ ಹಳೇ ಕಾರಿನ ನಾಲ್ಕು ಚಕ್ರ ಹಾಳಾಗಿದ್ದು ಹಾಗೇ. ಒಂದು ವಾಟರ್ ವಾಶ್ ಅಂಗಡಿಯಲ್ಲಿ ಯಾವುದೋ ಕ್ಯಾನಿನಿಂದ ಸಿಂಪಡಿಸಿದರು, ಎರಡು ನಿಮಿಷದಲ್ಲಿ ಹೊಸದರ ಹಾಗೆ ಮಿಂಚಿತು, ತಿಂಗಳೊಳಗೆ ಸ್ಪೋಕ್‌ಗಳೆಲ್ಲ ಮಂಕಾಗಿ ಅಲ್ಲಲ್ಲಿ ಬಿಳಿಚಿಕೊಂಡವು. ಆ ನಾಲ್ಕನ್ನೂ ಮತ್ತೆ ಪೇಂಟ್ ಮಾಡಿಸಬೇಕಾಯಿತು. ಯಾರೇ ಸಿಂಪಡಿಸಲು ಬಂದರೂ ಏನದು ಅಂತ ಕೇಳಿ, ಬಾಟಲಿ ನೋಡಿ.

ಈಗ ಕೆಲಸ. ಗಾಡಿ ಓಡಿಸಿ ಬಂದ ಕೂಡಲೇ ಬೇಡ, ಕನಿಷ್ಠ ಅರ್ಧ ಗಂಟೆ ಬಿಡಿ. ಕಾದ ಡಿಸ್ಕಿಗೆ ತಣ್ಣೀರು ಎರಚುವುದು ಒಳ್ಳೆಯದಲ್ಲ, ಬಿಸಿ ಚಕ್ರದ ಮೇಲೆ ಕೆಮಿಕಲ್ಲೂ ಹಾಕಿದ ಕೂಡಲೇ ಒಣಗುತ್ತದೆ. ಒಂದೊಂದೇ ಚಕ್ರ ತೆಗೆದುಕೊಳ್ಳಿ. ಮೊದಲು ಬರೀ ನೀರು ಹೊಡೆದು ಬಿಡಿ ಧೂಳು ಇಳಿಸಿ, ಮಡ್‌ಗಾರ್ಡ್ ಒಳಗೂ ಹೊಡೆಯಿರಿ. ಅಲ್ಲಿ ಕಟ್ಟಿದ ಕೆಸರು ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿ, ಕೆಂಪು ಜಂಬಿಟ್ಟಿಗೆ ಮಣ್ಣು, ನಾಲ್ಕು ತಿಂಗಳ ಮಳೆ ಮೂರೂ ಸೇರುವುದರಿಂದ ತುಕ್ಕು ಶುರುವಾಗುವುದು ಹೆಚ್ಚಾಗಿ ಇಲ್ಲಿಂದಲೇ.

ಆಮೇಲೆ ಟೈರ್. ಟೈರಿನ ಪಕ್ಕ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಮಣ್ಣೇ ಆಗಬೇಕಿಲ್ಲ. ರಬ್ಬರ್ ಬಿರುಕು ಬಿಡದಿರಲಿ ಅಂತ ತಯಾರಿಸುವಾಗಲೇ ಸೇರಿಸುವ ರಾಸಾಯನಿಕ ನಿಧಾನವಾಗಿ ಹೊರಗೆ ಬಂದು ಕಂದಾಗುತ್ತದೆ. ಆಲ್ ಪರ್ಪಸ್ ಕ್ಲೀನರ್ ಹಾಕಿ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ. ನೊರೆ ಕಂದಾಗಿ ಬರುವುದು ನಿಂತು ಬಿಳಿಯಾಗುವ ತನಕ ಎರಡು ಮೂರು ಸಲ. ಇಡೀ ಕಾರಿನಲ್ಲಿ ಧೈರ್ಯವಾಗಿ ತಿಕ್ಕಬಹುದಾದ ಜಾಗ ಇದೊಂದೇ.

ಅಲಾಯ್‌ಗೆ ಪ್ರತಿ ವಾರ ಬರೀ ಶ್ಯಾಂಪೂ ನೀರು ಸಾಕು. ಮೂರು ತಿಂಗಳಿಗೊಮ್ಮೆ ಐರನ್ ರಿಮೂವರ್ ಹಾಕಿ. ಇದು ಕಬ್ಬಿಣದ ಕಣದ ಜೊತೆ ಸೇರಿ ಅದನ್ನು ಕರಗಿಸುತ್ತದೆ, ಕರಗುವಾಗ ನೇರಳೆ ಬಣ್ಣದಲ್ಲಿ ಸುರಿಯುತ್ತದೆ. ಮೊದಲ ಸಲ ನೋಡುವವರಿಗೆ ಗಾಬರಿಯಾಗಬಹುದು, ಏನೂ ಆಗಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆದ್ದರಿಂದ ಗಾಳಿಯಾಡುವ ಕಡೆ, ಕೈಗವಸು, ಮಾಸ್ಕ್ ಹಾಕಿಕೊಂಡೇ ಮಾಡಿ. ಎರಡರಿಂದ ಐದು ನಿಮಿಷ ಬಿಡಿ, ಒಣಗಲು ಬಿಡಬೇಡಿ, ಚೆನ್ನಾಗಿ ತೊಳೆಯಿರಿ. ಡೈಮಂಡ್ ಕಟ್ ಆದರೆ ಬಾಟಲಿ ಮೇಲೆ ಅದಕ್ಕೆ ಆಗುತ್ತದೆ ಅಂತ ಬರೆದಿದೆಯೇ ನೋಡಿ, ಒಂದು ಮೂಲೆಯಲ್ಲಿ ಹಾಕಿ ಪರೀಕ್ಷೆ ಮಾಡಿ.

ಮೆತ್ತನೆಯ ಬ್ರಷ್ಷನ್ನು ಸ್ಪೋಕ್‌ಗಳ ನಡುವೆ, ನಟ್ ಕೂರುವ ಗುಳಿಯಲ್ಲಿ, ರಿಮ್ಮಿನ ಒಳಭಾಗದಲ್ಲಿ ಆಡಿಸಿ. ಒಳಭಾಗದಲ್ಲಿ ಬ್ಯಾಲೆನ್ಸಿಂಗ್‌ಗೆ ಅಂಟಿಸಿದ ಸಣ್ಣ ತೂಕದ ತುಂಡುಗಳಿರುತ್ತವೆ, ಅವು ಕಿತ್ತು ಬರದ ಹಾಗೆ ನೋಡಿಕೊಳ್ಳಿ. ಒಂದು ಬಿದ್ದರೂ 80ರ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್, ಸ್ಟೀಲ್ ನಾರು ಹತ್ತಿರವೂ ಬರಬಾರದು. ಡಾಂಬರಿನ ಕಪ್ಪು ಚುಕ್ಕಿ ಇದ್ದರೆ ಟಾರ್ ರಿಮೂವರನ್ನು ಬಟ್ಟೆಗೆ ಹಾಕಿ ಅದರ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ, ತಾನಾಗಿ ಬಿಡುತ್ತದೆ.

ಒಣಗಿದ ಮೇಲೆ ಟೈರ್ ಡ್ರೆಸ್ಸಿಂಗ್ (ಟೈರಿಗೆ ಕಪ್ಪು ಹೊಳಪು ಕೊಡುವ ದ್ರವ) ಹಚ್ಚುವುದಾದರೆ ನೀರು ಆಧಾರದ್ದನ್ನು ಸ್ಪಂಜಿಗೆ ಹಾಕಿ ಪಕ್ಕಕ್ಕೆ ಮಾತ್ರ ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ರಸ್ತೆಗೆ ತಾಗುವ ಭಾಗಕ್ಕೆ, ಡಿಸ್ಕಿಗೆ ತಾಗಲೇಬಾರದು, ಟೈರ್ ಜಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ತೊಳೆದಾದ ಮೇಲೆ ಡಿಸ್ಕ್ ಮೇಲೆ ತೆಳ್ಳಗೆ ಕಿತ್ತಳೆ ತುಕ್ಕು ಕಂಡರೆ ಅದು ಸಹಜ. ನಿಧಾನವಾಗಿ ಒಂದು ಸುತ್ತು ಹೋಗಿ ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ, ಬ್ರೇಕೂ ಒಣಗುತ್ತದೆ.

ಬಾಡಿ ತೊಳೆಯುವುದು

ಮೇಲಿನಿಂದ ಕೆಳಕ್ಕೆ ನೀರು ಬಿಟ್ಟು ನೆನೆಸಿ. ಪ್ರೆಶರ್ ಗನ್ ಇದ್ದರೆ ಒಂದು ಅಡಿಗಿಂತ ಹತ್ತಿರ ಹಿಡಿಯಬೇಡಿ, ಟಚ್‌ಅಪ್ ಮಾಡಿದ ಜಾಗ, ಕಲ್ಲು ಬಡಿದ ಜಾಗದಿಂದ ಬಣ್ಣ ಎದ್ದು ಬರಬಹುದು. ನೊರೆ ಹೊಡೆಯುವ ಡಬ್ಬಿ ಇದ್ದರೆ ಇಡೀ ಕಾರಿಗೆ ನೊರೆ ಹೊದಿಸಿ ಐದು ನಿಮಿಷ ಬಿಡಿ. ಇಲ್ಲದಿದ್ದರೂ ತೊಂದರೆಯಿಲ್ಲ, ಎರಡು ಸಲ ನೀರು ಹಾಕಿ ನೆನೆಸಿ. ಮುಟ್ಟುವ ಮೊದಲೇ ಎಷ್ಟು ಧೂಳು ಇಳಿದು ಹೋಯಿತೋ ಅಷ್ಟು ಗೀರು ತಪ್ಪಿತು.

ಎರಡು ಬಕೆಟ್‌ನಲ್ಲಿ ಒಂದಕ್ಕೆ ಶ್ಯಾಂಪೂ, ಇನ್ನೊಂದಕ್ಕೆ ಬರೀ ನೀರು. ಮಿಟ್ಟನ್ನು ಶ್ಯಾಂಪೂಗೆ ಅದ್ದಿ ಒಂದು ಭಾಗ ತೊಳೆಯಿರಿ, ಬರೀ ನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ, ಮತ್ತೆ ಶ್ಯಾಂಪೂಗೆ. ಎರಡನೇ ಬಕೆಟ್ಟಿನ ತಳದಲ್ಲಿ ಎಷ್ಟು ಮರಳು ಕೂತಿದೆ ಅಂತ ಕೊನೆಯಲ್ಲಿ ನೋಡಿ. ಅದಿಲ್ಲದಿದ್ದರೆ ಆ ಮರಳೆಲ್ಲ ಮತ್ತೆ ಬಣ್ಣದ ಮೇಲೇ ಹೋಗುತ್ತಿತ್ತು. ಮೊದಲು ಟಾಪು, ಆಮೇಲೆ ಗಾಜು, ಬಾನೆಟ್, ಬಾಗಿಲಿನ ಮೇಲ್ಭಾಗ, ಕೊನೆಗೆ ಬಾಗಿಲಿನ ಕೆಳಭಾಗ ಮತ್ತು ಬಂಪರ್. ಗುಂಡಗೆ ಸುತ್ತಿಸಬೇಡಿ, ನೇರ ಗೆರೆಯಲ್ಲಿ ಎಳೆಯಿರಿ, ಒತ್ತಬೇಡಿ. ಮಿಟ್ ಕೈತಪ್ಪಿ ನೆಲಕ್ಕೆ ಬಿದ್ದರೆ ಬೇರೆಯದು ತೆಗೆದುಕೊಳ್ಳಿ.

ತೊಳೆದು, ಒಣಗಿಸುವಾಗ ದೊಡ್ಡ ಟವೆಲನ್ನು ಬಾನೆಟ್ ಮೇಲೆ ಹಾಸಿ ಮೆಲ್ಲಗೆ ಎಳೆಯಿರಿ, ನೀರನ್ನು ಅದೇ ಹೀರುತ್ತದೆ. ಕನ್ನಡಿ, ಹ್ಯಾಂಡಲ್ ಸಂದಿಯ ನೀರು ಆಮೇಲೆ ಇಳಿದು ಗೆರೆ ಬರಿಸುತ್ತದೆ, ಅಲ್ಲಿ ಇನ್ನೊಂದು ಸಲ.

ಅಪಾರ್ಟ್‌ಮೆಂಟಿನಲ್ಲಿ ಇಷ್ಟು ನೀರು ಬಳಸಲು ಬಿಡದಿದ್ದರೆ ರಿನ್ಸ್‌ಲೆಸ್ ವಾಶ್ ಅಂತ ಒಂದು ದ್ರವ ಸಿಗುತ್ತದೆ, ಒರೆಸಿದ ಮೇಲೆ ಮತ್ತೆ ನೀರು ಹಾಕಿ ತೊಳೆಯಬೇಕಿಲ್ಲ. ಒಂದು ಬಕೆಟ್ ನೀರಿಗೆ ಬಾಟಲಿ ಮೇಲೆ ಹೇಳಿದಷ್ಟು ಹಾಕಿ, ಹಲವಕ್ಕೆ ಲೀಟರಿಗೆ 4 ಮಿಲಿ ಆಸುಪಾಸು ಸಾಕು. ಆರೇಳು ಮೈಕ್ರೋಫೈಬರ್ ಬಟ್ಟೆ ನೆನೆಸಿಡಿ. ಅದೇ ದ್ರಾವಣವನ್ನು ಮೊದಲು ಸ್ಪ್ರೇ ಮಾಡಿ, ಒಂದು ಬಟ್ಟೆಯಲ್ಲಿ ಒಂದೆರಡು ಪ್ಯಾನೆಲ್ ಮಾತ್ರ ಒರೆಸಿ, ಬಟ್ಟೆ ಬದಲಿಸಿ, ಹಿಂದೆಯೇ ಒಣ ಟವೆಲಿನಿಂದ ಒಣಗಿಸಿ. ಹತ್ತು ಲೀಟರ್ ಒಳಗೆ ಕಾರು ಮುಗಿಯುತ್ತದೆ. ಮಳೆಗಾಲದಲ್ಲಿ ಕೆಸರು ಮೆತ್ತಿದ ಕಾರಿಗೆ ಇದು ಆಗುವುದಿಲ್ಲ, ಮೊದಲು ನೀರು ಹೊಡೆಯಲೇಬೇಕು.

ನಮ್ಮಲ್ಲಿ ಬೆಳಿಗ್ಗೆ 5ಕ್ಕೇ ಬಂದು ಕಾರು ಒರೆಸುವ ಅಣ್ಣ ಒಬ್ಬರಿದ್ದಾರೆ. ಒಂದು ಬಕೆಟ್ ನೀರಿನಲ್ಲಿ ಹತ್ತು ಕಾರು ಮುಗಿಸಬೇಕು ಅವರು, ಸಿಗುವ ಹೊತ್ತೇ ಅಷ್ಟು, ತಪ್ಪು ಅವರದಲ್ಲ. ನಾನು ಅವರಿಗೆ ಬೇರೆ ಬಕೆಟ್, ನನ್ನದೇ ಬಟ್ಟೆಗಳು, ರಿನ್ಸ್‌ಲೆಸ್ ಬಾಟಲಿ ಕೊಟ್ಟು, ದಿನಾ ಬೇಡ ಅಣ್ಣ, ವಾರಕ್ಕೆ ಎರಡು ಸಲ ಮಾಡಿ, ದುಡ್ಡು ಅಷ್ಟೇ ತೆಗೆದುಕೊಳ್ಳಿ ಅಂದೆ. ಎರಡು ವರ್ಷದಿಂದ ಹಾಗೇ ನಡೆದಿದೆ, ಹೊಸ ಗೀರು ತೀರಾ ಕಡಿಮೆ.

ಕಲೆಗಳು: ಹಕ್ಕಿ, ಮರ, ನೀರು

ಕಾಗೆ, ಪಾರಿವಾಳದ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬಾನೆಟ್ ಕಾದು ಕ್ಲಿಯರ್ ಕೋಟ್ ಮೆದುವಾದಾಗ ಒಂದೇ ದಿನದಲ್ಲಿ ಅಚ್ಚು ಬೀಳಬಹುದು. ಕಂಡ ತಕ್ಷಣ ಒದ್ದೆ ಟಿಶ್ಯೂ ಹಾಕಿ ಎರಡು ಮೂರು ನಿಮಿಷ ಬಿಟ್ಟು ಎತ್ತಿ ತೆಗೆಯಿರಿ. ಉಗುರಿನಿಂದ ಕೆರೆಯಬೇಡಿ. ಡಿಕ್ಕಿಯಲ್ಲಿ ಒಂದು ನೀರಿನ ಸ್ಪ್ರೇ ಬಾಟಲಿ, ಒಂದು ಬಟ್ಟೆ ಸದಾ ಇಟ್ಟಿರಿ. ನೇರಳೆ ಹಣ್ಣಿನ ಕಾಲದಲ್ಲಿ ಆ ಮರದ ಕೆಳಗೆ ನಿಲ್ಲಿಸಬೇಡಿ. ಮಾವಿನ ಮರದ ಕೆಳಗೆ ಹೂಬಿಟ್ಟ ಕಾಲದಲ್ಲಿ ಬೀಳುವ ಅಂಟು ಹೆಚ್ಚಾಗಿ ಜಿಗಿಹುಳು ಸುರಿಸುವ ಸಿಹಿರಸ. ಉಗುರುಬೆಚ್ಚಗಿನ ಶ್ಯಾಂಪೂ ನೀರಿನಲ್ಲಿ ನೆನೆಸಿದರೆ ಬಿಡುತ್ತದೆ. ಹೈವೇಯಲ್ಲಿ ರಾತ್ರಿ ಬಂದರೆ ಬಂಪರಿಗೆ ಅಂಟಿದ ಹುಳಗಳನ್ನೂ ಮಾರನೇ ದಿನವೇ ಹೀಗೆ ನೆನೆಸಿ ತೆಗೆಯಿರಿ.

ಗಡಸು ನೀರಿನ ಬಿಳಿ ಕಲೆಗೆ ಬಿಳಿ ವಿನೆಗರ್, ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಇಟ್ಟು ತೊಳೆಯಿರಿ. ಆ ಜಾಗದ ವ್ಯಾಕ್ಸ್ ಹೋಗುತ್ತದೆ, ಮತ್ತೆ ಹಚ್ಚಿ. ಇದಕ್ಕೂ ಹೋಗದಿದ್ದರೆ ಕಲೆ ಕ್ಲಿಯರ್ ಕೋಟಿನ ಒಳಗೆ ಇಳಿದಿದೆ, ಪಾಲಿಶ್ ಒಂದೇ ದಾರಿ.

ಕ್ಲೇ, ಪಾಲಿಶ್, ರಕ್ಷಣೆಯ ಪದರ

ತೊಳೆದು ಒಣಗಿದ ಬಾನೆಟ್ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬೆರಳಾಡಿಸಿ. ರವೆ ರವೆಯಾಗಿ ತಾಕಿದರೆ ಕ್ಲೇ ಮಾಡಬೇಕು. ಕ್ಲೇ ಅಂದರೆ ಬಣ್ಣಕ್ಕೆ ಅಂಟಿದ ಕಣಗಳನ್ನು ಎತ್ತಿಕೊಳ್ಳುವ, ಚಪಾತಿ ಹಿಟ್ಟಿನ ಹಾಗೆ ನಾದಬಹುದಾದ ಒಂದು ಉಂಡೆ. ಶ್ಯಾಂಪೂ ನೀರು ಧಾರಾಳವಾಗಿ ಸಿಂಪಡಿಸಿ, ಭಾರ ಹಾಕದೆ ಹಿಂದೆ ಮುಂದೆ ಜಾರಿಸಿ, ಕಪ್ಪಾದಾಗ ಮಡಿಚಿ ಹೊಸ ಭಾಗ ತೆಗೆಯಿರಿ. ನೆಲಕ್ಕೆ ಬಿದ್ದರೆ ಬಿಸಾಡಿ, ಬೆಲೆ ಜಾಸ್ತಿ ಅಂತ ಮತ್ತೆ ಬಳಸಬೇಡಿ. ವರ್ಷಕ್ಕೆ ಒಂದೆರಡು ಸಲ ಸಾಕು. ಸೊಂಡೂರು, ಹೊಸಪೇಟೆ ಕಡೆ ಅದಿರಿನ ಧೂಳಿನಲ್ಲಿ ಓಡುವ ಗಾಡಿಗಳಿಗೆ ಕ್ಲೇಗೂ ಮೊದಲು ಬಾಡಿಗೂ ಐರನ್ ರಿಮೂವರ್ ಹಾಕುವುದು ಒಳ್ಳೆಯದು.

ಗ್ಯಾರೇಜಿನವರು ರಬ್ಬಿಂಗ್ ಅನ್ನುವ ಪಾಲಿಶ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಪ್ರತಿ ಸರ್ವೀಸಿಗೂ ಮಾಡಿಸಬೇಡಿ. ಪ್ರತಿ ಸಲವೂ ಕ್ಲಿಯರ್ ಕೋಟ್ ಸ್ವಲ್ಪ ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಗೀರಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಹೋಗುವ ಗೀರಲ್ಲ, ಟಚ್‌ಅಪ್ ಮಾಡಿಸಿ. ಮಾಡಿಸಲೇಬೇಕಾದರೆ ಡ್ಯುಯಲ್ ಆಕ್ಷನ್ ಮೆಷಿನ್‌ನಲ್ಲಿ (ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗುವಂಥದ್ದು) ಮಾಡುವವರನ್ನು ಹುಡುಕಿ, ಮೊದಲು ಒಂದು ಚಿಕ್ಕ ಜಾಗದಲ್ಲಿ ಮೆದು ಪಾಲಿಶ್ ಹಾಕಿ ತೋರಿಸಲು ಹೇಳಿ. ಮ್ಯಾಟ್ ಬಣ್ಣದ ಕಾರಿಗೆ ಪಾಲಿಶ್ ಮಾಡಲೇಬಾರದು, ಅಲ್ಲಲ್ಲಿ ಹೊಳೆದು ತೇಪೆ ಹಾಕಿದ ಹಾಗೆ ಕಾಣುತ್ತದೆ.

ಕೊನೆಗೆ ರಕ್ಷಣೆಯ ಪದರ. ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ, ಹೊಳಪು ಚೆಂದ, ನಮ್ಮ ಬಿಸಿಲಿಗೆ ಒಂದೆರಡು ತಿಂಗಳು ಬಂದರೆ ಹೆಚ್ಚು. ಸೀಲೆಂಟ್, ಅಂದರೆ ಅದೇ ಕೆಲಸ ಮಾಡುವ ಕೃತಕ ಪದರ, ನಾಲ್ಕರಿಂದ ಆರು ತಿಂಗಳು. ಮನೆಯಲ್ಲೇ ಮಾಡುವವರಿಗೆ ನಾನು ಹೇಳುವುದು ಸೀಲೆಂಟ್: ತೆಳುವಾಗಿ ಹಚ್ಚಿ, ಒರೆಸಿ, ಅಲಾಯ್‌ಗೂ ಅದನ್ನೇ ಹಚ್ಚಿದರೆ ಬ್ರೇಕ್ ಪುಡಿ ಮುಂದಿನ ಸಲ ಬರೀ ನೀರಿಗೇ ಇಳಿಯುತ್ತದೆ. ಸಿರಾಮಿಕ್ ಕೋಟಿಂಗ್ ವರ್ಷಗಟ್ಟಲೆ ಬರುತ್ತದೆ, ತೊಳೆಯುವುದು ಸಲೀಸು, ಆದರೆ ಕಲ್ಲು ಬಡಿದರೆ ತಡೆಯುವುದಿಲ್ಲ, ಒಣ ಬಟ್ಟೆಯಲ್ಲಿ ಒರೆಸಿದರೆ ಅದರ ಮೇಲೂ ಗೀರು ಬೀಳುತ್ತದೆ. ಕಲ್ಲು ತಡೆಯುವುದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಮಾತ್ರ, ಅದು ಪಾಲಿಯುರೆಥೇನ್ ಹಾಳೆ, ಬೆಲೆಯೂ ಹಾಗೇ. ಬಜೆಟ್ ಕಡಿಮೆ ಇದ್ದರೆ ಬಾನೆಟ್, ಮುಂದಿನ ಬಂಪರ್, ಕನ್ನಡಿಗೆ ಮಾತ್ರ ಹಾಕಿಸಬಹುದು.

ಬಟ್ಟೆಗಳನ್ನು ಹತ್ತಿ ಬಟ್ಟೆಯ ಜೊತೆ ಒಗೆಯಬೇಡಿ, ನಾರು ಅಂಟಿಕೊಳ್ಳುತ್ತದೆ. ಲಿಕ್ವಿಡ್ ಡಿಟರ್ಜೆಂಟ್ ಸಾಕು, ಫ್ಯಾಬ್ರಿಕ್ ಕಂಡಿಷನರ್ ಬೇಡ, ನೆರಳಿನಲ್ಲಿ ಒಣಗಿಸಿ. ಚಕ್ರದ ಬಟ್ಟೆಗೆ ಬೇರೆ ಬಣ್ಣ ಇಟ್ಟುಕೊಂಡರೆ ಕಲೆಸಿ ಹೋಗುವುದಿಲ್ಲ.

ಆಯುಧಪೂಜೆಯ ಮಾರನೇ ದಿನ

ವರ್ಷದಲ್ಲಿ ಎಲ್ಲರೂ ಪ್ರೀತಿಯಿಂದ ಕಾರು ತೊಳೆಯುವ ದಿನ ಅದು. ಪೂಜೆಯನ್ನು ಮನಸಾರೆ ಮಾಡಿ, ಅರಿಶಿನ ಕುಂಕುಮವನ್ನು ಬಣ್ಣದ ಬದಲು ಗಾಜಿಗೆ, ನಂಬರ್ ಪ್ಲೇಟಿನ ಅಂಚಿಗೆ ಹಚ್ಚಿ. ಎಣ್ಣೆ ಬೆರೆತ ಕುಂಕುಮ ಬಿಳಿ ಕಾರಿನ ಮೇಲೆ ಬಿಸಿಲಿಗೆ ಕೂತರೆ ಗುಲಾಬಿ ಕಲೆ ಉಳಿಯುತ್ತದೆ. ಹೂವಿನ ಹಾರವನ್ನು ಸೆಲೋಟೇಪಿನಿಂದ ಅಂಟಿಸದೆ ದಾರದಲ್ಲಿ ಕಟ್ಟಿ, ಓಡಿಸುವ ಮೊದಲು ಬಿಚ್ಚಿ, ಇಲ್ಲದಿದ್ದರೆ ದಾರ ಗಾಳಿಗೆ ಬಡಿದು ಬಾನೆಟ್ ಅಂಚಿನಲ್ಲಿ ಬಣ್ಣ ಸವೆಸುತ್ತದೆ. ಮಾರನೇ ದಿನ ಬೆಳಿಗ್ಗೆ ಕುಂಕುಮದ ಪುಡಿಯನ್ನು ಒರೆಸಬೇಡಿ, ಮೇಲಿನಿಂದ ನೀರು ಸುರಿದು ಇಳಿಸಿ, ಆಮೇಲೆ ಶ್ಯಾಂಪೂ. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿದಾಗ ರಸ ಅಲಾಯ್‌ಗೆ ಸಿಡಿದಿದ್ದರೆ ಅದನ್ನು ಮಾತ್ರ ಅವತ್ತೇ, ಒಂದು ಮಗ್ ನೀರು ಹಾಕಿ ತೊಳೆದುಬಿಡಿ.